ವಿಜ್ಞಾನದ ತರಗತಿಗೆ ಭೂದೃಶ್ಯ ಚಿತ್ರ ಏಕೆ ಬೇಕು?

ನಮ್ಮ ಕಾಲೇಜಿನ ವಿಜ್ಞಾನ ಬೋಧನಾ ಕೊಠಡಿಯಲ್ಲಿ ಹಿಂದಿನ ತಂಡಗಳವರು ಬಿಟ್ಟುಹೋದ ಚಾರ್ಟ್‌ಗಳ ದೊಡ್ಡದೊಂದು ಕಟ್ಟು ಇದೆ. ಹೃದಯದ ಸೀಳುನೋಟ, ಹೂವಿನ ಭಾಗಗಳು, ಅಮೀಬಾ, ನೀರಿನ ಚಕ್ರ. ಎಲ್ಲಕ್ಕೂ ಬಾಣದ ಗೆರೆಗಳಿವೆ, ಗೆರೆಯ ತುದಿಯಲ್ಲಿ ಹೆಸರುಗಳಿವೆ. ಇರಲೇಬೇಕು, ಭಾಗ ಗುರುತಿಸದ ಹೃದಯದ ಚಿತ್ರ ಇಟ್ಟುಕೊಂಡು ರಕ್ತಪರಿಚಲನೆ ಕಲಿಸಲಾಗದು. ಆದರೆ ಅಷ್ಟು ದೊಡ್ಡ ಕಟ್ಟಿನಲ್ಲಿ ಬಾಣವಿಲ್ಲದ ಚಿತ್ರ ಒಂದೂ ಇಲ್ಲವಲ್ಲ, ಅದು ನನ್ನ ತಕರಾರು. ನಾವು ಮಕ್ಕಳ ಮುಂದೆ ಹಿಡಿಯುವ ಪ್ರತಿಯೊಂದು ಚಿತ್ರವೂ ಉತ್ತರವನ್ನು ಮೈಮೇಲೆ ಬರೆದುಕೊಂಡೇ ಬರುತ್ತದೆ. ಹೀಗಿರುವಾಗ ಪಾಠಯೋಜನೆಯಲ್ಲಿ ನಾವು ತಪ್ಪದೆ ಬರೆಯುವ ‘ವಿದ್ಯಾರ್ಥಿಯು ವೀಕ್ಷಿಸುವನು’ ಎಂಬ ಉದ್ದೇಶ ಈಡೇರುವುದಾದರೂ ಎಲ್ಲಿ? ಮಕ್ಕಳು ಹೆಸರು ಓದುತ್ತಾರೆ, ನಾವು ಅದನ್ನು ವೀಕ್ಷಣೆ ಎಂದು ದಾಖಲಿಸುತ್ತೇವೆ.

ವಿಜ್ಞಾನದ ಪಾಠಕ್ಕೆ ಆಗಾಗ ಒಂದು ಭೂದೃಶ್ಯ ಚಿತ್ರವನ್ನೂ ಒಯ್ಯಬೇಕು ಎಂಬುದು ನನ್ನ ಅಭಿಪ್ರಾಯ. ಅಲಂಕಾರಕ್ಕಾಗಿ ಅಲ್ಲ, ಪಾಠೋಪಕರಣವಾಗಿ. ಇದಕ್ಕೆ ನಾನು ಆರಿಸಿಕೊಂಡದ್ದು ದೂರದ ರೊಮೇನಿಯಾದ, ಕಳೆದ ಶತಮಾನದ ನಡುಭಾಗದ ಒಬ್ಬ ಚಿತ್ರಕಾರರನ್ನು. ಅಷ್ಟು ದೂರ ಏಕೆ ಎಂದು ಯಾರಾದರೂ ಕೇಳಬಹುದು. ಕಾರಣ ಸರಳ. ಆ ಚಿತ್ರಕಾರರು ನಮ್ಮ ವಿಷಯದವರು, ಜೀವವಿಜ್ಞಾನಿ.

ಬಿ.ಎಸ್ಸಿ ಕೊನೆಯ ವರ್ಷ ಉಪ್ಪುನೀರಿನ ಸರೋವರಗಳ ಬಗ್ಗೆ ಸೆಮಿನಾರ್ ಸಿದ್ಧಪಡಿಸುವಾಗ ಟೆಕಿರ್ಗಿಯೋಲ್ ಎಂಬ ಸರೋವರದ ಹೆಸರು ಸಿಕ್ಕಿತು. ಅದರ ಬೆನ್ನು ಹತ್ತಿ ಹೋದಾಗ ಇಯೊನ್ ತ್ಸುಕುಲೆಸ್ಕು ಸಿಕ್ಕರು. 1910ರಲ್ಲಿ ರೊಮೇನಿಯಾದ ದಕ್ಷಿಣ ಭಾಗದ ಕ್ರಯೋವಾ ನಗರದಲ್ಲಿ ಹುಟ್ಟಿದವರು. ಬುಖಾರೆಸ್ಟ್‌ನಲ್ಲಿ ಜೀವವಿಜ್ಞಾನವನ್ನೂ ವೈದ್ಯಶಾಸ್ತ್ರವನ್ನೂ ಓದಿದರು. ಹೊಟ್ಟೆಪಾಡಿನ ವೃತ್ತಿ ವಿಜ್ಞಾನ. ಚಿತ್ರಕಲೆಯನ್ನು ಬಹುತೇಕ ತಾವೇ ಕಲಿತುಕೊಂಡದ್ದು. 1938ರಲ್ಲಿ ಬುಖಾರೆಸ್ಟ್‌ನ ಅಥೆನಿಯಂ ಭವನದಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. 1962ರಲ್ಲಿ ತೀರಿಕೊಂಡರು, ಆಗ ಅವರಿಗೆ 52 ವರ್ಷ. ಹಗಲು ಸೂಕ್ಷ್ಮದರ್ಶಕ, ಉಳಿದ ಹೊತ್ತು ಕುಂಚ ಎಂದು ಅವರ ಬದುಕನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ ನಮ್ಮಂಥ ಶಿಕ್ಷಕರಿಗೆ ಉಪಯೋಗಕ್ಕೆ ಬರುವುದು ಆ ಸಾಲಿನೊಳಗಿನ ವಿವರ.

ಮೊದಲು ಸರೋವರದ ವಿಚಾರ. ಟೆಕಿರ್ಗಿಯೋಲ್ ಇರುವುದು ಕಪ್ಪು ಸಮುದ್ರದ ಪಕ್ಕದ ದೊಬ್ರೋಜಾ ಪ್ರಾಂತ್ಯದಲ್ಲಿ. ಸಮುದ್ರಕ್ಕೂ ಅದಕ್ಕೂ ನಡುವೆ ಕಿರಿದಾದ ನೆಲಪಟ್ಟಿಯೊಂದೇ ಅಡ್ಡ. ಕಪ್ಪು ಸಮುದ್ರದ ಮೇಲ್ಮಟ್ಟದ ನೀರಿನಲ್ಲಿ ಲೀಟರಿಗೆ ಸುಮಾರು 17-18 ಗ್ರಾಂ ಲವಣವಿದ್ದರೆ, ಆ ಕಾಲದಲ್ಲಿ ಈ ಸರೋವರದಲ್ಲಿ ಅದರ ಹಲವು ಪಟ್ಟು ಇತ್ತು. ಮೀನು ಬದುಕದ ನೀರು. ಬದುಕುವುದು ಕೆಲವೇ ಜೀವಿಗಳು: ಒಂದು ಬಗೆಯ ಹಸಿರು ಶೈವಲ, ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸಿಗಡಿ, ಇವುಗಳ ಜೊತೆ ಕಣ್ಣಿಗೆ ಕಾಣದ ಪ್ರೊಟೊಜೋವಾ ಮತ್ತು ಬ್ಯಾಕ್ಟೀರಿಯಾಗಳು. ಈ ಸಿಗಡಿಯ ತತ್ತಿಗಳು ಒಣಗಿದ ಸ್ಥಿತಿಯಲ್ಲಿ ವರ್ಷಗಟ್ಟಲೆ ಕಾದಿದ್ದು, ನೀರು ಸಿಕ್ಕೊಡನೆ ಮರಿಯಾಗುತ್ತವೆ. ಅಲಂಕಾರಿಕ ಮೀನು ಸಾಕುವವರು ಮೀನುಮರಿಗಳಿಗೆ ತಿನ್ನಿಸುವುದು ಇದನ್ನೇ.

ಶೈವಲವೂ ಸಿಗಡಿಯೂ ಸತ್ತು ತಳ ಸೇರುತ್ತವೆ. ಅಲ್ಲಿ ಆಮ್ಲಜನಕವಿಲ್ಲ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಈ ಶೇಷವನ್ನು ಕೊಳೆಸುತ್ತ ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಪರಿವರ್ತಿಸುತ್ತವೆ. ಅದು ಕಬ್ಬಿಣದ ಅಂಶದೊಂದಿಗೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಹೀಗೆ ತಳದಲ್ಲಿ ಶೇಖರವಾಗುವುದು ಬೆಣ್ಣೆಯಂತೆ ಜಾರುವ, ಕೊಳೆತ ಮೊಟ್ಟೆಯ ವಾಸನೆಯ, ಕಾಡಿಗೆಯಷ್ಟು ಕಪ್ಪಾದ ಕೆಸರು. ಗಾಳಿಗೆ ಒಡ್ಡಿದರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಸಂಧಿವಾತ ಇರುವವರು ಈ ಕೆಸರನ್ನು ಮೈತುಂಬ ಬಳಿದುಕೊಂಡು ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಸರೋವರದಲ್ಲೇ ತೊಳೆದುಕೊಳ್ಳುತ್ತಾರೆ. ಟೆಕಿರ್ ಎಂಬ ಮುದುಕ ಮತ್ತು ಅವನ ಕತ್ತೆಯ ಕಥೆಯೊಂದು ಆ ಭಾಗದಲ್ಲಿ ಪ್ರಚಲಿತ. ಕತ್ತೆ ಕೆಸರಿನಲ್ಲಿ ಹೂತುಕೊಂಡಿತಂತೆ, ಎಳೆದು ಹೊರತೆಗೆದಾಗ ಇಬ್ಬರ ಕಾಯಿಲೆಯೂ ವಾಸಿಯಾಗಿತ್ತಂತೆ. ‘ಗಿಯೋಲ್’ ಎಂದರೆ ತುರ್ಕಿ ಮೂಲದಲ್ಲಿ ಕೆರೆ. ಹಾಗಾಗಿ ಅದು ಟೆಕಿರನ ಕೆರೆ.

ತ್ಸುಕುಲೆಸ್ಕು ಅವರ ಸಂಶೋಧನೆಯ ದೊಡ್ಡ ಪಾಲು ಈ ಸರೋವರದ್ದು. ಇಲ್ಲಿನ ಸೂಕ್ಷ್ಮಜೀವಿಗಳು ಯಾವುವು, ಒಂದರ ಮೇಲೊಂದು ಹೇಗೆ ಅವಲಂಬಿಸಿವೆ, ಕೆಸರು ಹೇಗೆ ಉಂಟಾಗುತ್ತದೆ ಎಂಬುದರ ಅಧ್ಯಯನ. ಮುಂದಿನ ದಶಕಗಳಲ್ಲಿ ಸುತ್ತಲಿನ ಹೊಲಗಳ ನೀರಾವರಿಯಿಂದ ಸಿಹಿನೀರು ಹರಿದು ಬಂದು ಸರೋವರದ ಲವಣಾಂಶ ಇಳಿಯತೊಡಗಿತು, ಸಿಹಿನೀರನ್ನು ತಡೆಯಲು ಒಡ್ಡುಗಳನ್ನು ಕಟ್ಟಬೇಕಾಯಿತು. ಉಪ್ಪು ಕಡಿಮೆಯಾದರೆ ಸಿಗಡಿ ಇಲ್ಲ, ಸಿಗಡಿ ಇಲ್ಲದಿದ್ದರೆ ಕೆಸರು ಇಲ್ಲ. ಆಹಾರ ಸರಪಳಿಗೆ ಉದಾಹರಣೆ ಕೊಡುವಾಗ ಹುಲ್ಲು–ಮಿಡತೆ–ಕಪ್ಪೆ–ಹಾವು ಎಂದು ಎಷ್ಟು ವರ್ಷ ಬರೆಯುತ್ತೇವೆ? ಇಂಥದ್ದನ್ನೂ ಕೊಡಬಹುದಲ್ಲ ಎಂದು ನನಗೆ ಅನ್ನಿಸಿದ್ದುಂಟು. ಇರಲಿ, ಅದು ಬೇರೆ ಲೇಖನದ ವಿಷಯ.

ಇನ್ನು ಚಿತ್ರಗಳು. ಇದೇ ದೊಬ್ರೋಜಾ ಸೀಮೆಯನ್ನು, ಮಂಗಾಲಿಯಾ ಕಡೆಯ ಸಮುದ್ರ ತೀರವನ್ನು, ತಮ್ಮ ಹುಟ್ಟುನೆಲವಾದ ಒಲ್ಟೇನಿಯಾದ ಹಳ್ಳಿಗಾಡನ್ನು ಅವರು ಬಣ್ಣದಲ್ಲೂ ಚಿತ್ರಿಸಿದರು. 1930ರ ದಶಕದ ಕೊನೆ ಮತ್ತು 1940ರ ದಶಕದ ಭೂದೃಶ್ಯಗಳಲ್ಲಿ ಬಣ್ಣ ಬಹಳ ದಪ್ಪ. ಕುಂಚದ ಎಳೆತ ಎದ್ದು ನಿಂತಿರುತ್ತದೆ. ಹಲವು ಚಿತ್ರಗಳು ಕ್ಯಾನ್ವಾಸ್ ಬದಲು ರಟ್ಟಿನ ಮೇಲಿವೆ. ಕೆಂಪು ಮತ್ತು ಹಳದಿ ಎಷ್ಟು ಗಟ್ಟಿಯಾಗಿವೆಯೆಂದರೆ ಮೊದಲ ನೋಟಕ್ಕೆ ಬೆಂಕಿ ಬಿದ್ದ ಹಾಗೆ ಕಾಣುತ್ತದೆ. ಆಮೇಲಿನ ವರ್ಷಗಳಲ್ಲಿ ಒಲ್ಟೇನಿಯಾದ ಹಳ್ಳಿಮನೆಗಳ ಗೋಡೆಗೆ ತೂಗುಹಾಕುವ ನೇಯ್ದ ಜಮಖಾನೆಗಳ ವಿನ್ಯಾಸ ಅವರ ಚಿತ್ರಕ್ಕೆ ಇಳಿಯಿತು. ಹೊಲ, ಹೂವು, ಹಕ್ಕಿ ಎಲ್ಲ ಚಪ್ಪಟೆಯಾಗಿ ನೇಯ್ಗೆಯ ಗುರುತುಗಳಂತಾದವು. ಕೊನೆಯ ಐದಾರು ವರ್ಷಗಳ ಚಿತ್ರಗಳಲ್ಲಿ ಭೂಮಿ, ಆಕಾಶ ಎಂಬ ಗೆರೆಯೇ ಕರಗಿ ಕಣ್ಣುಗಳು ತುಂಬಿಕೊಂಡಿವೆ. ಎಲ್ಲಿ ನೋಡಿದರೂ ನಮ್ಮನ್ನೇ ನೋಡುತ್ತಿರುವ ಕಣ್ಣುಗಳು.

ಈ ಕೊನೆಯ ಚಿತ್ರಗಳನ್ನು ಕಂಡ ಅನೇಕರಿಗೆ ತಕ್ಷಣ ಹೊಳೆಯುವುದು, ‘ಓ, ಇವು ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಕೋಶಗಳು’ ಎಂಬ ಮಾತು. ಜೀವವಿಜ್ಞಾನಿ ಬರೆದ ಚಿತ್ರದಲ್ಲಿ ದುಂಡಗಿನ ಆಕಾರ, ನಡುವೆ ಒಂದು ಚುಕ್ಕೆ, ಮತ್ತೇನಾಗಿರಲು ಸಾಧ್ಯ? ನನಗೆ ಈ ವಿವರಣೆ ಒಪ್ಪಿಗೆಯಾಗುವುದಿಲ್ಲ. ಇದು ನಮ್ಮ ಚಾರ್ಟಿನ ಅಭ್ಯಾಸವೇ. ಬಾಣವಿಲ್ಲದ ಚಿತ್ರಕ್ಕೂ ನಾವೇ ಒಂದು ಬಾಣ ಎಳೆದು ಹೆಸರು ಬರೆದು ನಿರಾಳವಾಗುವುದು. ಕಣ್ಣಿನ ಗುರುತು ಹಳ್ಳಿಯ ನೇಯ್ಗೆಯಿಂದಲೂ ಬಂದಿರಬಹುದು, ನವಿಲುಗರಿಯಿಂದಲೂ ಬಂದಿರಬಹುದು. ಪ್ರಯೋಗಾಲಯಕ್ಕೂ ಚಿತ್ರಕ್ಕೂ ನಡುವೆ ನನಗೆ ಕಾಣುವ ನಂಟು ಆಕಾರದ್ದಲ್ಲ, ಅಭ್ಯಾಸದ್ದು. ಒಂದೇ ಕೆರೆಯ ನೀರನ್ನು ವರ್ಷಗಟ್ಟಲೆ ಪರೀಕ್ಷಿಸಿದವರು ಒಂದೇ ನೆಲವನ್ನು ಮತ್ತೆ ಮತ್ತೆ ಬರೆಯಲು ಬೇಸರಪಡಲಿಲ್ಲ. ಒಮ್ಮೆ ನೋಡಿದರೆ ಸಾಲದು ಎಂಬುದು ಎರಡೂ ಕಡೆಯ ನಿಯಮ.

ಅವರು ಬದುಕಿದ ಕಾಲದ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಚಿತ್ರಕ್ಕೆ ಹೆಸರು ಬರೆಯುವ ಒತ್ತಡ ಚಾರ್ಟಿಗಿಂತ ಬಹಳ ದೊಡ್ಡ ರೂಪದಲ್ಲಿ ಅಲ್ಲಿತ್ತು. 1947ರ ಡಿಸೆಂಬರ್ 30ರಂದು ರೊಮೇನಿಯಾದ ರಾಜನನ್ನು ಕೆಳಗಿಳಿಸಿ ಗಣರಾಜ್ಯ ಘೋಷಿಸಲಾಯಿತು. ಕಮ್ಯುನಿಸ್ಟ್ ಆಡಳಿತ ಸೋವಿಯತ್ ಮಾದರಿಯ ಸಮಾಜವಾದಿ ವಾಸ್ತವವಾದವನ್ನು ಕಲೆಯ ಅಧಿಕೃತ ಮಾರ್ಗ ಮಾಡಿತು. ಭೂದೃಶ್ಯ ಬರೆದರೆ ಅದರಲ್ಲಿ ಟ್ರ್ಯಾಕ್ಟರ್ ಇರಬೇಕು, ಕಾರ್ಖಾನೆಯ ಚಿಮಣಿ ಇರಬೇಕು, ದುಡಿಯುವವರ ಮುಖದಲ್ಲಿ ನಗು ಇರಬೇಕು. ಚಿತ್ರ ಏನು ಹೇಳುತ್ತದೆ ಎಂಬುದರಲ್ಲಿ ನೋಡುವವನಿಗೆ ಸಂಶಯವೇ ಉಳಿಯಬಾರದು. 1949ರಲ್ಲಿ ಆರಂಭವಾದ ಹೊಲಗಳ ಸಾಮೂಹೀಕರಣ 1962ರಲ್ಲಿ ಪೂರ್ಣಗೊಂಡಿತೆಂದು ಸರ್ಕಾರ ಘೋಷಿಸಿತು. ರೈತರ ತುಂಡು ಹೊಲಗಳ ಬದುಗಳು ಆ 13 ವರ್ಷಗಳಲ್ಲಿ ಅಳಿಸಿಹೋದವು. ಈ ವರ್ಷಗಳಲ್ಲಿ ತ್ಸುಕುಲೆಸ್ಕು ಬಹುಮಟ್ಟಿಗೆ ಜನರ ಕಣ್ಣಿಗೆ ಬೀಳದೆ, ಮನೆಯಲ್ಲೇ ಚಿತ್ರ ಬರೆಯುತ್ತ ಹೋದರು. ಸಂಬಳ ವಿಜ್ಞಾನದಿಂದ ಬರುತ್ತಿತ್ತು, ಚಿತ್ರ ಮಾರಬೇಕಾದ ಅಗತ್ಯವಿರಲಿಲ್ಲ. ಯಾರೂ ಕೇಳದ ಚಿತ್ರದಲ್ಲಿ ಟ್ರ್ಯಾಕ್ಟರ್ ಹಾಕಬೇಕಾಗಿಯೂ ಇರಲಿಲ್ಲ.

ಅವರು ತೀರಿಕೊಂಡು ಮೂರು ವರ್ಷದ ನಂತರ, 1965ರಲ್ಲಿ, ಬುಖಾರೆಸ್ಟ್‌ನ ದಾಲೆಸ್ ಸಭಾಂಗಣದಲ್ಲಿ ಅವರ ಚಿತ್ರಗಳ ದೊಡ್ಡ ಪ್ರದರ್ಶನವಾಯಿತು. ಮರುವರ್ಷ, 1966ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ರೊಮೇನಿಯಾದ ಪರವಾಗಿ ಅವರ ಚಿತ್ರಗಳು ಹೋದವು. ಇಂದು ಬುಖಾರೆಸ್ಟ್ ಮತ್ತು ಕ್ರಯೋವಾದ ಕಲಾ ಸಂಗ್ರಹಾಲಯಗಳಲ್ಲಿ ಅವುಗಳನ್ನು ನೋಡಬಹುದು. ನಾನು ನೋಡಿರುವುದು ಪರದೆಯ ಮೇಲೆ ಮತ್ತು ನಾನೇ ಮಾಡಿಸಿದ ಬಣ್ಣದ ಮುದ್ರಿತ ಪ್ರತಿಯಲ್ಲಿ ಮಾತ್ರ.

ಆ ಪ್ರತಿಯನ್ನು ನಾನು ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಗೆ ಒಯ್ದೆ. ಘಟಕ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’. ಅವಧಿ 40 ನಿಮಿಷ, ಅದರಲ್ಲಿ ಚಿತ್ರಕ್ಕೆ ನಾನು ಮೀಸಲಿಟ್ಟದ್ದು ಮೊದಲ ಹತ್ತು ನಿಮಿಷ. ಅವರ 1940ರ ದಶಕದ ಸಮುದ್ರ ತೀರದ ಚಿತ್ರವೊಂದನ್ನು ಕಪ್ಪುಹಲಗೆಗೆ ಅಂಟಿಸಿ, ಯಾರ ಚಿತ್ರ, ಎಲ್ಲಿಯದು ಎಂದು ಏನೂ ಹೇಳದೆ, ಕಣ್ಣಿಗೆ ಕಾಣುವುದನ್ನು ಮಾತ್ರ ಹೇಳಿ ಎಂದೆ.

“ಸಂಜೆ ಆಗಿದೆ ಮಿಸ್” ಎಂದ ಹಿಂದಿನ ಬೆಂಚಿನ ಹುಡುಗ.

“ಸಂಜೆ ಕಾಣಿಸ್ತಿದೆಯಾ?”

ಅವನು ಎದ್ದು ಹತ್ತಿರ ಬಂದು ನೋಡಿದ. “ಇಲ್ಲ ಮಿಸ್. ಕೆಂಪು ಕಾಣಿಸ್ತಿದೆ.”

ವೀಕ್ಷಣೆ ಯಾವುದು, ಅನುಮಾನ ಯಾವುದು ಎಂಬುದನ್ನು ನಾನು ಕಪ್ಪುಹಲಗೆಯ ಮೇಲೆ ಎರಡು ಕಾಲಂ ಹಾಕಿ ಬರೆಯಬೇಕೆಂದಿದ್ದೆ. ಅದನ್ನು ಆ ಹುಡುಗ ಒಂದೇ ಮಾತಿನಲ್ಲಿ ಮಾಡಿ ಮುಗಿಸಿದ. ಆಮೇಲೆ ಉಳಿದವರೂ ಎಚ್ಚರವಾದರು. ‘ಸಮುದ್ರ’ ಎಂದವಳು ತಾನೇ ತಿದ್ದಿಕೊಂಡು ‘ನೀಲಿ ಪಟ್ಟಿ’ ಎಂದಳು. ‘ಮರ’ ಎಂದವನನ್ನು ಪಕ್ಕದವನು ತಡೆದು ‘ಕಪ್ಪು ಗೆರೆ ಅನ್ನು’ ಎಂದ. ನಾನು ನಡುವೆ ಬಾಯಿ ಹಾಕಲಿಲ್ಲ. ಇನ್ನೊಬ್ಬ ಹೇಳಿದ: “ಬಣ್ಣದ ಪಕ್ಕ ನೆರಳು ಬಿದ್ದಿದೆ. ಬಣ್ಣ ಎದ್ದು ನಿಂತಿದೆ ಮಿಸ್, ಕೆಸರು ಮೆತ್ತಿದ ಹಾಗೆ.” ಕೆಸರಿನ ವಿಚಾರ ನಾನು ಆವರೆಗೆ ಎತ್ತಿಯೇ ಇರಲಿಲ್ಲ. ಅಲ್ಲಿಂದ ಟೆಕಿರನ ಕತ್ತೆ, ಕತ್ತೆಯಿಂದ ಕೆಸರು, ಕೆಸರಿನಿಂದ ಬ್ಯಾಕ್ಟೀರಿಯಾ. ಪಾಠ ತಾನಾಗಿ ಘಟಕದೊಳಗೆ ಹೋಯಿತು. ಪ್ರೊಟೊಜೋವಾಗಳ ಚಾರ್ಟನ್ನು, ಹೌದು, ಬಾಣಗಳಿರುವ ಚಾರ್ಟನ್ನೇ, ಬಿಚ್ಚಿದಾಗ ಮಕ್ಕಳು ಅದನ್ನೂ ಬೇರೆ ರೀತಿ ನೋಡಿದರು. ಪ್ಯಾರಮೀಸಿಯಂ ನಿಜವಾಗಿಯೂ ಚಪ್ಪಲಿಯ ಆಕಾರದಲ್ಲಿದೆಯೇ, ಅಥವಾ ಪುಸ್ತಕದಲ್ಲಿ ಹಾಗೆ ಇದೆ ಎಂದು ನಾವು ಹಾಗೆ ಅನ್ನುತ್ತೇವೆಯೇ ಎಂಬ ಚರ್ಚೆ ಎದ್ದಿತು.

ಪಾಠ ವೀಕ್ಷಿಸಿದವರ ಟಿಪ್ಪಣಿಯಲ್ಲಿ ‘ಪೀಠಿಕೆ ದೀರ್ಘವಾಯಿತು, ಚಿತ್ರಕ್ಕೂ ಬೋಧನಾಂಶಕ್ಕೂ ನೇರ ಸಂಬಂಧವಿಲ್ಲ’ ಎಂದಿತ್ತು. ಪಾಠೋಪಕರಣದ ಬಳಕೆಗೆ ಕೊಡುವ ಅಂಕ ಕಡಿಮೆಯಾಗಿತ್ತು. ಬಿಟ್ಟ ಅಂಕ ಹೋಗಲಿ, ಆದರೆ ಆ ಮಾತಿಗೆ ನನ್ನ ಉತ್ತರವಿದೆ. ನೇರ ಸಂಬಂಧ ಎಂದರೇನು? ಸೂಕ್ಷ್ಮಜೀವಿಯ ಪಾಠಕ್ಕೆ ಸೂಕ್ಷ್ಮಜೀವಿಯ ಚಿತ್ರವೇ ಆಗಬೇಕು ಎಂದಾದರೆ, ಅಂಥ ಚಿತ್ರ ಪಠ್ಯಪುಸ್ತಕದಲ್ಲೇ ಇದೆ. ನಾನು ಅದನ್ನು ದೊಡ್ಡದು ಮಾಡಿ ತಂದರೆ ಹೊಸದೇನಾಯಿತು? ವೀಕ್ಷಣೆಯನ್ನು ಒಂದು ಕೌಶಲ ಎಂದು ನಾವು ಒಪ್ಪುವುದಾದರೆ, ಆ ಕೌಶಲಕ್ಕೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಉತ್ತರ ಮೊದಲೇ ಗೊತ್ತಿಲ್ಲದ ವಸ್ತು ಬೇಕು. ಅಂಥ ವಸ್ತುವಿಗೆ ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಕಾಲಂ ಇಲ್ಲ ಎಂಬುದು ನಮೂನೆಯ ಕೊರತೆ.

ಕಲಾ ಸಂಯೋಜಿತ ಕಲಿಕೆ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಅದು ಇದೆ. ನಮ್ಮ ಬಿ.ಇಡಿಯಲ್ಲಿ ಕಲೆ ಮತ್ತು ನಾಟಕಕ್ಕೆ ಒಂದು ಪತ್ರಿಕೆಯೂ ಇದೆ. ಆದರೆ ವಿಜ್ಞಾನದವರಾದ ನಾವು ಅದನ್ನು ಮಾಡುವ ಕ್ರಮ ಎಲ್ಲರಿಗೂ ಗೊತ್ತು: ಥರ್ಮಾಕೋಲಿನಲ್ಲಿ ಸಸ್ಯಕೋಶ ಕತ್ತರಿಸಿ, ಹಸಿರು ಬಣ್ಣ ಬಳಿದು, ಕೋಶಕೇಂದ್ರಕ್ಕೆ ಒಂದು ಪ್ಲಾಸ್ಟಿಕ್ ಚೆಂಡು ಅಂಟಿಸುವುದು. ಅದೂ ಬಾಣವಿರುವ ಚಾರ್ಟೇ, ಸ್ವಲ್ಪ ದಪ್ಪಗಿದೆ ಅಷ್ಟೆ. ಇತ್ತ ಚಿತ್ರಕಲಾ ಅವಧಿಯಲ್ಲಿ ಮಕ್ಕಳು ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ ಎಂದು ಅದೇ ನಿಸರ್ಗ ಚಿತ್ರವನ್ನು ವರ್ಷವರ್ಷವೂ ಬರೆಯುತ್ತಾರೆ, ಊರಿನಲ್ಲಿ ಬೆಟ್ಟವೇ ಇಲ್ಲದಿದ್ದರೂ. ಎರಡೂ ಅವಧಿಯಲ್ಲಿ ನೋಡುವ ಕೆಲಸ ನಡೆಯುವುದಿಲ್ಲ. ತ್ಸುಕುಲೆಸ್ಕು ಅವರಂಥವರ ಚಿತ್ರ ಎರಡೂ ಕಡೆಗೆ ಉಪಯೋಗಕ್ಕೆ ಬರುತ್ತದೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಇದನ್ನು ‘ನೋಡಿ ಮಕ್ಕಳೇ, ವಿಜ್ಞಾನಿಯೂ ಚಿತ್ರ ಬರೆಯಬಹುದು, ನೀವೂ ಬಹುಮುಖ ಪ್ರತಿಭೆಗಳಾಗಿ’ ಎಂಬ ಉಪದೇಶಕ್ಕೆ ಇಳಿಸಿದರೆ ಚಿತ್ರ ಹಾಳು, ಹತ್ತು ನಿಮಿಷವೂ ಹಾಳು. ಚಿತ್ರಕಾರರ ಹೆಸರನ್ನು ಕೊನೆಯಲ್ಲಿ ಹೇಳಿದರೆ ಸಾಕು. ಎಲ್ಲ ಘಟಕಕ್ಕೂ ಇದು ಹೊಂದುವುದಿಲ್ಲ. ಬೆಳಕಿನ ವಕ್ರೀಭವನದ ಸಮಸ್ಯೆ ಬಿಡಿಸುವ ದಿನ ಭೂದೃಶ್ಯ ಚಿತ್ರ ಹಿಡಿದು ಹೋಗುವುದು ಸಮಯ ವ್ಯರ್ಥ. ಪರೀಕ್ಷೆಗೆ ಮುಂಚಿನ ತಿಂಗಳಲ್ಲಿ ಸಹಕಾರಿ ಶಾಲೆಯ ಶಿಕ್ಷಕರು ಒಪ್ಪುವುದೂ ಕಷ್ಟ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಬಣ್ಣದ ಪ್ರತಿ ಚಿಕ್ಕದಾದರೆ ಹಿಂದಿನ ಬೆಂಚಿಗೆ ಕಾಣಿಸದು. ಎ3 ಅಳತೆಗಿಂತ ಕಡಿಮೆ ಬೇಡ, ಹೊಳಪಿನ ಕಾಗದವೂ ಬೇಡ, ಕಿಟಕಿಯ ಬೆಳಕು ಬಿದ್ದು ಏನೂ ಕಾಣುವುದಿಲ್ಲ. ಸ್ಮಾರ್ಟ್ ಬೋರ್ಡ್ ಇದ್ದರೆ ಒಳ್ಳೆಯದು, ಬಣ್ಣದ ಉಬ್ಬನ್ನು ದೊಡ್ಡದು ಮಾಡಿ ತೋರಿಸಬಹುದು.

ಆ ದಿನದ ಪಾಠದ ಕೊನೆಯಲ್ಲಿ, ಇದನ್ನು ಬರೆದವರು ಆ ಸರೋವರದ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಎಂದು ಹೇಳಿದಾಗ ಒಬ್ಬಳು ಹುಡುಗಿ ಕೇಳಿದಳು: “ಆ ಕಡೆ ನೀರೊಳಗೆ ಏನೇನಿದೆ ಅಂತ ಅವರಿಗೆ ಗೊತ್ತಿತ್ತಲ್ವಾ ಮಿಸ್, ಮತ್ತೆ ಯಾಕೆ ಅದನ್ನ ಬರೀಲಿಲ್ಲ?” ಗಂಟೆ ಹೊಡೆಯಲು ಎರಡು ನಿಮಿಷವಿತ್ತು. ನಾನು ಉತ್ತರ ಹೇಳಲಿಲ್ಲ. ಪ್ರಶ್ನೆಯನ್ನೇ ಮನೆಗೆಲಸವಾಗಿ ಕೊಟ್ಟೆ. ಮರುದಿನ ಬಂದ ಉತ್ತರಗಳಲ್ಲಿ ಹೆಚ್ಚಿನವು ‘ಅವು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ’ ಎಂದಿದ್ದವು. ಸರಿಯಾದ ಮಾತೇ. ಹಿಂದಿನ ಬೆಂಚಿನ ಆ ಹುಡುಗ ಮಾತ್ರ, ‘ಅದನ್ನು ಬೇರೆ ಪುಸ್ತಕದಲ್ಲಿ ಬರೆದಿದ್ದರು, ಇದರಲ್ಲಿ ದಡದಲ್ಲಿ ನಿಂತಾಗ ಹೇಗಿತ್ತು ಅಂತ ಬರೆದರು’ ಎಂದು ಬರೆದಿದ್ದ. ಕೇಳಿದ ಹುಡುಗಿಗೆ ಈ ಎರಡು ಉತ್ತರವೂ ಸಮಾಧಾನ ತಂದಂತೆ ಕಾಣಲಿಲ್ಲ.

ಮುಂದಿನ ಹಂತದ ಬೋಧನಾಭ್ಯಾಸದಲ್ಲಿ ನನಗೆ ಒಂಬತ್ತನೆಯ ತರಗತಿ ಸಿಕ್ಕಿದೆ, ಜೀವಕೋಶ ಮತ್ತು ಅಭಿಸರಣೆ. ಅಷ್ಟು ಉಪ್ಪಿನಲ್ಲಿ ಮೀನು ಏಕೆ ಬದುಕುವುದಿಲ್ಲ, ಸಿಗಡಿ ಹೇಗೆ ಬದುಕುತ್ತದೆ ಎಂಬಲ್ಲಿಂದ ಶುರು ಮಾಡಬೇಕೆಂದಿದ್ದೇನೆ. ಅದೇ ಚಿತ್ರವನ್ನು ಮತ್ತೆ ಒಯ್ಯುತ್ತೇನೆ. ಪಾಠಯೋಜನೆಯಲ್ಲಿ ಪಾಠೋಪಕರಣ ಎಂಬಲ್ಲಿ ‘ಭೂದೃಶ್ಯ ಚಿತ್ರ, 1’ ಎಂದು ಈಗಾಗಲೇ ಬರೆದಿಟ್ಟಿದ್ದೇನೆ.